ದಮ್ಮು ಒಂದೇ, ಖಾತೆ ಮೂರು

(ಜಾತ್ರಾ ಮಹೋತ್ಸವದ ನಿಮಿತ್ತ ದೇವಸ್ಥಾನದ ಆವರಣದಲ್ಲಿ ಜರುಗಿದ ಸಭೆಯಲ್ಲಿ ವಿಶ್ವಸ್ತರೊಬ್ಬರು ಮಾಡಿದ ಭಾಷಣದ ಪಾಠ)

 

ಈ ವೇದಿಕೆಯ ಮೇಲೆ ಪ್ರತಿ ವರ್ಷ ಪುರಾಣ, ಪ್ರವಚನ ನಡೆಯುತ್ತವೆ. ಈ ವರ್ಷ ಆರೋಗ್ಯದ ಬಗ್ಗೆ ಎರಡು ಮಾತು ಇರಲಿ ಎಂದು ಕಮಿಟಿಯವರು ಗೊತ್ತುಪಡಿಸಿದರು. ಡಾಕ್ಟರರನ್ನು ಕರೆಯಿರಿ ಎಂದು ನಾನು ಹೇಳಿದೆ. "ಡಾಕ್ಟರರು ನಾಳೆ ಬರ್ತಾರ, ಇವತ್ತ ನೀವ ಹೇಳ್ರಿ, ನಿಮ್ಮ ಮನ್ಯಾಗ ಆದದ್ದ ಹೇಳ್ರಿ" ಎಂದರು. ನಾನು ಕಿರಾಣಿ ಅಂಗಡಿಯವನು. ಇಂಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಎಸ್.ಎಸ್.ಎಲ್.ಸಿ.ವರೆಗೆ ಕಲಿತವನು. ಆಗ ವಿಜ್ಞಾನದ ಪುಸ್ತಕದಲ್ಲಿ ಹೃದಯದ ಚಿತ್ರ ಬರೆದು ಬಣ್ಣ ತುಂಬಿ ಪೂರ್ಣ ಅಂಕ ಪಡೆದಿದ್ದೆ. ಆದರೆ ಆ ಚಿತ್ರದ ಅರ್ಥ ನನಗೆ ತಿಳಿದದ್ದು ನನ್ನ ಅಣ್ಣನನ್ನು ಕಳೆದುಕೊಂಡ ಮೇಲೆ. ಆದ್ದರಿಂದ ಇದು ಪಂಡಿತರ ಭಾಷಣವಲ್ಲ, ತಪ್ಪು ಮಾಡಿದವನ ನಿವೇದನೆ ಎಂದು ತಾವು ತಿಳಿಯಬೇಕು.

ನಮ್ಮ ಮನೆಯಲ್ಲಿ ಮೂವರಿಗೆ ದಮ್ಮು ಬಂತು. ಮೊದಲು ನಮ್ಮ ಅವ್ವನಿಗೆ, ಆಮೇಲೆ ನಮ್ಮ ಅಣ್ಣನಿಗೆ, ಅವನ ಹಿಂದೆಯೇ ನನ್ನ ಸೊಸೆಗೆ. ಮೂವರೂ ಹೇಳಿದ ಮಾತು ಒಂದೇ: "ನಾಲ್ಕು ಪಾವಟಿಗಿ ಏರಿದ್ರ ದಮ್ಮು ಹತ್ತತದ." ದಮ್ಮು ಅಂದರೆ ಶ್ವಾಸಕೋಶದ ರೋಗ ಎಂದು ನಾವು ಮೂವರಿಗೂ ಒಂದೇ ತೀರ್ಪು ಕೊಟ್ಟೆವು. ಆದರೆ ಮೂವರ ರೋಗ ಮೂರು ಕಡೆಗಿತ್ತು. ಒಬ್ಬರದು ಶ್ವಾಸಕೋಶದಲ್ಲಿ, ಒಬ್ಬರದು ಹೃದಯದಲ್ಲಿ, ಒಬ್ಬರದು ರಕ್ತದಲ್ಲಿ. ಅಂಗಡಿಯ ಭಾಷೆಯಲ್ಲಿ ಹೇಳುವದಾದರೆ, ಒಬ್ಬರ ಬಾಕಿಯನ್ನು ಇನ್ನೊಬ್ಬರ ಖಾತೆಗೆ ಬರೆದೆವು. ಖಾತೆ ತಪ್ಪಿದರೆ ವಸೂಲಿ ಆಗುವದಿಲ್ಲ. ಇದು ಹೇಗೆ ಆಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಈ ಮೂರೂ ಕೂಡಿ ಹೇಗೆ ದುಡಿಯುತ್ತವೆ ಎಂಬುದನ್ನು ಮೊದಲು ನೋಡಬೇಕು.

ನಮ್ಮೂರು ದಾಮಾಜಿಪಂತರ ಊರು. ಬರಗಾಲದಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿರುವಾಗ ಅವರು ಬಾದಶಹನ ಕಣಜ ತೆರೆದು ಜನರಿಗೆ ಕಾಳು ಹಂಚಿದರು ಎಂಬ ಕಥೆಯನ್ನು ಇಲ್ಲಿ ಕೇಳದ ಕೂಸಿಲ್ಲ. ಆ ಕಥೆಯನ್ನು ಒಂದು ಸಲ ವ್ಯವಹಾರದ ಕಣ್ಣಿನಿಂದ ನೋಡಿರಿ. ಕಣಜದಲ್ಲಿ ಕಾಳಿದ್ದರೆ ಸಾಲದು. ಕಾಳು ಹೊರುವ ಬಂಡಿ ಬೇಕು. ಬಂಡಿ ಇದ್ದರೆ ಸಾಲದು, ಅದನ್ನು ಎಳೆಯುವ ಎತ್ತು ಬೇಕು. ಮೂರರಲ್ಲಿ ಯಾವದು ತಪ್ಪಿದರೂ ಹಸಿದವನ ಹೊಟ್ಟೆಗೆ ಗೊತ್ತಾಗುವದು ಒಂದೇ, ಹಸಿವು. ನಮ್ಮ ದೇಹದಲ್ಲಿ ಶ್ವಾಸಕೋಶವೇ ಕಣಜ, ರಕ್ತವೇ ಬಂಡಿ, ಹೃದಯವೇ ಎತ್ತು. ಅಲ್ಲಿ ಹಂಚುವ ಕಾಳು ಆಮ್ಲಜನಕ. ದಮ್ಮು ಅಂದರೆ ದೇಹದ ಹಸಿವು.

ಕಣಜವನ್ನು ನೋಡೋಣ. ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೇವೆ. ಒಂದು ಉಸಿರಿಗೆ ಸುಮಾರು ಅರ್ಧ ಲೀಟರು ಗಾಳಿ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಹೊರಗೆ ಬಿಡುವಾಗ ಅದು ಸುಮಾರು 16 ಪಾಲಿಗೆ ಇಳಿದಿರುತ್ತದೆ. ಒಳಗೆ ಗಾಳಿಯ ಕೊಳವೆಗಳು ಮರದ ಟೊಂಗೆಯಂತೆ ಒಡೆಯುತ್ತ ಹೋಗಿ ಕೊನೆಗೆ ಸಣ್ಣ ಸಣ್ಣ ವಾಯುಕೋಶಗಳಾಗುತ್ತವೆ. ಇವು 30 ಕೋಟಿಗೂ ಹೆಚ್ಚು. ಎಲ್ಲವನ್ನೂ ಬಿಚ್ಚಿ ಹಾಸಿದರೆ ನಮ್ಮ ದೇವಸ್ಥಾನದ ಸಭಾಮಂಟಪದಷ್ಟು ಹರವು, ಸುಮಾರು 70 ಚದರ ಮೀಟರು ಆಗುತ್ತದೆ. ಪ್ರತಿ ಕೋಶದ ಮೈಗೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಜಾಳಿಗೆ ಹೊಂದಿಕೊಂಡಿದೆ. ಈ ಕಡೆ ಗಾಳಿ, ಆ ಕಡೆ ರಕ್ತ, ನಡುವೆ ಅತಿ ತೆಳ್ಳನೆಯ ಪೊರೆ. ಒಂದು ರಕ್ತಕಣ ಅಲ್ಲಿ ನಿಲ್ಲುವದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟರಲ್ಲಿಯೇ ಕಾಳು ತುಂಬಿಕೊಂಡು ಕಸ ಇಳಿಸುತ್ತದೆ. ಕಸವೆಂದರೆ ಇಂಗಾಲದ ಡೈ ಆಕ್ಸೈಡ್.

ಇನ್ನು ಬಂಡಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರು ರಕ್ತವಿರುತ್ತದೆ. ಅದರ ಕೆಂಪುಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಅದರಲ್ಲಿರುವ ಕಬ್ಬಿಣದ ಅಂಶವೇ ಆಮ್ಲಜನಕವನ್ನು ಹಿಡಿದುಕೊಳ್ಳುವ ಕೈ. ಒಂದು ಕೆಂಪುಕಣ ಸುಮಾರು 120 ದಿನ ದುಡಿದು ಅಳಿಯುತ್ತದೆ. ಹೊಸ ಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತಲೇ ಇರುತ್ತವೆ.

ಇನ್ನು ಎಳೆಯುವವನು. ಹೃದಯ ಮುಷ್ಟಿಯಷ್ಟು ದೊಡ್ಡದು, ತೂಕ ಸುಮಾರು 300 ಗ್ರಾಂ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತವನ್ನು ನೂಕುತ್ತದೆ. ನಿಮಿಷಕ್ಕೆ 72 ಬಡಿತ ಹಿಡಿದರೆ 5 ಲೀಟರು. ಅಂದರೆ ಮೈಯಲ್ಲಿರುವ ಅಷ್ಟೂ ರಕ್ತದ ಲೆಕ್ಕ ಒಂದು ನಿಮಿಷಕ್ಕೆ ಒಮ್ಮೆ ತಿರುಗಿದಂತಾಯಿತು. ದಿನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಬಡಿತ, 7,200 ಲೀಟರು ರಕ್ತ. 200 ಲೀಟರಿನ ಬ್ಯಾರಲ್ಲಿನ ಲೆಕ್ಕದಲ್ಲಿ 36 ಬ್ಯಾರಲ್ಲು! ಕುಳಿತಲ್ಲಿಯೇ ಇಷ್ಟು. ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಇನ್ನೂ ಹಲವು ಪಟ್ಟು.

ಈ ಲೆಕ್ಕವನ್ನೇ ಹಿಡಿದು ಒಬ್ಬ ಮನುಷ್ಯ ಜಗತ್ತಿನ ಕಣ್ಣು ತೆರೆಸಿದ. ರಕ್ತ ಯಕೃತ್ತಿನಲ್ಲಿ ಹುಟ್ಟಿ, ಮೈಯಲ್ಲಿ ಹರಿದು, ಅಲ್ಲಿಯೇ ಖರ್ಚಾಗಿ ಹೋಗುತ್ತದೆ ಎಂದು ಯೂರೋಪಿನ ವೈದ್ಯರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದರು. 13ನೆಯ ಶತಮಾನದಲ್ಲಿ ಇಬ್ನ್ ಅಲ್ ನಫೀಸ್ ಎಂಬ ಅರಬ ವೈದ್ಯರು, ಹೃದಯದ ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ಎಡಭಾಗಕ್ಕೆ ಬರುತ್ತದೆ ಎಂದು ಬರೆದಿಟ್ಟರು. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಗುಣಾಕಾರ ಮಾಡಿ ತೋರಿಸಿದರು. ಹೃದಯ ಒಂದು ಬಡಿತಕ್ಕೆ ನೂಕುವ ರಕ್ತವನ್ನು ಎಷ್ಟು ಕಡಿಮೆ ಹಿಡಿದರೂ ಅರ್ಧ ತಾಸಿನ ಮೊತ್ತ ಮೈಯಲ್ಲಿರುವ ಎಲ್ಲ ರಕ್ತಕ್ಕಿಂತ ಹೆಚ್ಚಾಗುತ್ತದೆ. ಅಷ್ಟು ರಕ್ತವನ್ನು ಯಾರ ಹೊಟ್ಟೆಯೂ ಹುಟ್ಟಿಸಲಾರದು. ಆದ್ದರಿಂದ ಅದೇ ರಕ್ತ ತಿರುಗಿ ತಿರುಗಿ ಬರುತ್ತಿರಬೇಕು. ಇದು ಪಕ್ಕಾ ವ್ಯಾಪಾರಿಯ ಲೆಕ್ಕ! ಮಾಲು ಇರುವದು 5 ಲೀಟರು, ಮಾರಾಟ 150 ಲೀಟರು ಎಂದರೆ ಹೋದ ಮಾಲೇ ಮರಳಿ ಬರುತ್ತಿದೆ ಎಂದೇ ಅರ್ಥ. ಹೋದ ರಕ್ತ ಮರಳುವ ಕೂದಲೆಳೆಯ ದಾರಿಗಳನ್ನು ಇಟಲಿಯ ಮಾಲ್ಪಿಗಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕ ಹಿಡಿದು ಕಂಡರು.

ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆಯನ್ನು ನೀವೆಲ್ಲ ನೋಡಿದವರು. ಸಂಕ್ರಾಂತಿಗೆ ಏಳು ನಂದಿಕೋಲುಗಳು ಹೊರಟು 68 ಲಿಂಗಗಳಿಗೆ ಪ್ರದಕ್ಷಿಣೆ ಹಾಕಿ ಹೊರಟಲ್ಲಿಗೇ ಮರಳುತ್ತವೆ. ರಕ್ತದ್ದೂ ಹಾಗೆಯೇ ಪ್ರದಕ್ಷಿಣೆ. ಆದರೆ ಅದು ಒಂದಲ್ಲ, ಎರಡು ಸುತ್ತು. ಮೈಯೆಲ್ಲ ತಿರುಗಿ ಬಳಲಿ ಬಂದ ಕಪ್ಪುಗೆಂಪು ರಕ್ತ ಹೃದಯದ ಬಲಭಾಗಕ್ಕೆ ಸೇರುತ್ತದೆ. ಬಲಭಾಗ ಅದನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಇದು ಸಣ್ಣ ಸುತ್ತು. ಅಲ್ಲಿ ಆಮ್ಲಜನಕ ತುಂಬಿಕೊಂಡು ಕೆಂಪಗೆ ಹೊಳೆಯುತ್ತ ಎಡಭಾಗಕ್ಕೆ ಬರುತ್ತದೆ. ಎಡಭಾಗ ಅದನ್ನು ಮಹಾಪಧಮನಿಯ ಮೂಲಕ ನೆತ್ತಿಯಿಂದ ಅಂಗಾಲಿನವರೆಗೆ ಕಳಿಸುತ್ತದೆ. ಇದು ದೊಡ್ಡ ಸುತ್ತು. ನಡುವೆ ನಾಲ್ಕು ಕವಾಟಗಳಿವೆ. ಹೋದದ್ದು ಹಿಂದೆ ಬರದಂತೆ ಮುಚ್ಚಿಕೊಳ್ಳುತ್ತವೆ. ಡಾಕ್ಟರರು ಎದೆಗೆ ಕೊಳವೆ ಹಚ್ಚಿ ಕೇಳುವ 'ಲಬ್ ಡಬ್' ಸಪ್ಪಳ ಈ ಬಾಗಿಲು ಮುಚ್ಚುವ ಸಪ್ಪಳವೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೃದಯದ ಬಲಭಾಗ ಎಷ್ಟು ಕಳಿಸುತ್ತದೋ ಎಡಭಾಗವೂ ಅಷ್ಟೇ ಕಳಿಸಬೇಕು. ಜಮಾ ಮತ್ತು ಖರ್ಚು ಸರಿಹೋಗಬೇಕು. ಬಲಭಾಗ 70 ಕಳಿಸಿ ಎಡಭಾಗ 69 ಮಾತ್ರ ಕಳಿಸಿತು ಅನ್ನಿರಿ. ವ್ಯತ್ಯಾಸ ಬರೀ ಒಂದು ಮಿಲಿಲೀಟರು. ಆದರೆ ನಿಮಿಷಕ್ಕೆ 72, ತಾಸಿಗೆ ನಾಲ್ಕು ಲೀಟರಿಗೂ ಮಿಕ್ಕಿ ರಕ್ತ ಶ್ವಾಸಕೋಶದಲ್ಲಿಯೇ ನಿಲ್ಲಬೇಕಾಗುತ್ತದೆ. ಹಾಗೆ ಆಗದಂತೆ ಹೃದಯಕ್ಕೆ ಒಂದು ಗುಣವಿದೆ. ಹೆಚ್ಚು ತುಂಬಿ ಹಿಗ್ಗಿದಷ್ಟೂ ಹೆಚ್ಚು ಜೋರಿನಿಂದ ಹಿಂಡುತ್ತದೆ. ಹೀಗೆ ಬಡಿತ ಬಡಿತಕ್ಕೂ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತದೆ. ಕಲ್ಯಾಣಕ್ಕೆ ಹೋಗುವ ಮುನ್ನ ಬಸವಣ್ಣನವರು ಈ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿ ಲೆಕ್ಕ ಬರೆದರೆಂದು ಕೇಳುತ್ತ ಬಂದಿದ್ದೇವೆ. ಅಂಥ ಕರಣಿಕನೊಬ್ಬನನ್ನು ಭಗವಂತ ಪ್ರತಿಯೊಬ್ಬರ ಎದೆಯಲ್ಲಿಯೂ ಇಟ್ಟಿದ್ದಾನೆ. ಆ ಕರಣಿಕ ಸೋತರೆ ಏನಾಗುತ್ತದೆ ಎಂಬುದೇ ನಮ್ಮ ಅಣ್ಣನ ಕಥೆ.

ನಮ್ಮ ಅಣ್ಣನನ್ನು ನಿಮ್ಮಲ್ಲಿ ಬಹಳ ಜನ ಬಲ್ಲಿರಿ. ಪಲ್ಲಕ್ಕಿಯ ಮುಂದಿನ ಬಲಹೆಗಲು ಅವನದು. ಅವನಿಗೆ ಬಹಳ ವರ್ಷದಿಂದ ಬಿ.ಪಿ. ಇತ್ತು. ಗುಳಿಗೆಯನ್ನು ತಲೆನೋವು ಬಂದ ದಿನ ತಗೊಳ್ಳುವದು, ಕಡಿಮೆಯಾದರೆ ಬಿಡುವದು. ಬಿ.ಪಿ. ಎಂದರೆ ಎಡಭಾಗಕ್ಕೆ ದಿನವೂ ಏರು ದಾರಿಯಲ್ಲಿ ಬಂಡಿ ಎಳೆದಂತೆ. ಎಳೆದು ಎಳೆದು ಅದು ದಣಿಯಿತು. ಬಲಭಾಗ ಕಳಿಸಿದ ರಕ್ತವನ್ನು ಎಡಭಾಗ ಪೂರ್ತಿ ಸಾಗಿಸಲಾರದೆ ಹೋಯಿತು. ಹಿಂದೆ ಒತ್ತಡ ಏರಿ ರಕ್ತದ ನೀರು ವಾಯುಕೋಶಗಳಿಗೆ ಜಿನುಗಿತು. ರೋಗ ಹೃದಯದಲ್ಲಿ, ಕೆಮ್ಮು ಮತ್ತು ದಮ್ಮು ಶ್ವಾಸಕೋಶದಲ್ಲಿ! ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎದ್ದು ಕುಳಿತರೆ ಹಗುರಾಗುತ್ತಿತ್ತು. ಮಲಗಿದಾಗ ಕಾಲಲ್ಲಿ ನಿಂತ ನೀರು, ರಕ್ತ ಎದೆಗೆ ಮರಳಿ ಬರುತ್ತದೆ, ಅದಕ್ಕೇ ಹಾಗೆ. ಒಂದು ದಿಂಬು ಹೋಗಿ ಎರಡಾಯಿತು, ಎರಡು ಹೋಗಿ ಮೂರಾಯಿತು. "ಏನಣ್ಣಾ, ಬಾದಶಹನ ಗಾದಿ ಮಾಡ್ಕೊಂಡಿ ಅಲ್ಲ" ಎಂದು ನಾನು ನಕ್ಕೆ. "ವಯಸ್ಸಾತೋ ತಮ್ಮಾ" ಎಂದು ಅವನೂ ನಕ್ಕ.

ಆರು ತಿಂಗಳು ನಾನೇ ಅವನಿಗೆ ಅಂಗಡಿಯಿಂದ ಜೇಷ್ಠಮಧು, ಹಿಪ್ಪಲಿ, ಶುಂಠಿ ಕುಟ್ಟಿ ಪುಡಿ ಕಟ್ಟಿಕೊಟ್ಟೆ. ಬಾಯಿರುಚಿಗೆ ಹಪ್ಪಳ, ಉಪ್ಪಿನಕಾಯಿ ಕಳಿಸಿದೆ. ಕಾಲು ಬಾತವು. ಅದಕ್ಕೂ ಎಣ್ಣೆ ಕೊಟ್ಟೆ. ಕೊನೆಗೆ ಒಂದು ರಾತ್ರಿ ಮಾತಾಡಲಿಕ್ಕೂ ಉಸಿರು ಸಾಲದಾದಾಗ ಸೊಲ್ಲಾಪುರಕ್ಕೆ ಒಯ್ದೆವು. ಅಲ್ಲಿಯ ಡಾಕ್ಟರರು ನೋಡಿ, "ಸಾವ್ಕಾರ್ರ, ಇವರ ರೋಗ ಪುಪ್ಪುಸದಾಗ ಇಲ್ಲ, ಹೃದಯದಾಗ ಅದ. ಮೊದಲ ಉಪ್ಪು ಕಡಿಮಿ ಮಾಡ್ರಿ. ಉಪ್ಪು ಮೈಯಾಗ ನೀರು ಹಿಡಿದಿಡ್ತದ" ಎಂದರು. ಉಪ್ಪು ಮಾರುವವನು ನಾನು, ಹಪ್ಪಳ ಕಳಿಸಿದವನೂ ನಾನು. ಔಷಧದಿಂದ ಅಣ್ಣ ಚೇತರಿಸಿಕೊಂಡ, ನೆಲದ ಮೇಲೆ ಒಂದೇ ದಿಂಬಿಗೆ ಮಲಗುವಂತಾದ. ಆದರೆ ಹೃದಯ ಬಹಳ ದಣಿದಿತ್ತು. ಹದಿನಾಲ್ಕು ತಿಂಗಳಿಗೆ ಹೋಗಿಬಿಟ್ಟ. ಆರು ತಿಂಗಳು ಮೊದಲೇ ಬಂದಿದ್ದರೆ ಇನ್ನಷ್ಟು ವರ್ಷ ಇರುತ್ತಿದ್ದನೇ ಎಂದು ಕೇಳಿದೆ. ಡಾಕ್ಟರರು ನನ್ನ ಹೆಗಲ ಮೇಲೆ ಕೈಯಿಟ್ಟರು, ಉತ್ತರ ಕೊಡಲಿಲ್ಲ.

ಅದೇ ವರ್ಷ ನನ್ನ ಸೊಸೆ ಎರಡನೆಯ ಬಾಣಂತನ ಮುಗಿಸಿ ಬಂದಿದ್ದಳು. ನೀರಿನ ಕೊಡ ಎತ್ತಿದರೆ ಎದೆ ಡವಡವ, ದಮ್ಮು, ಮುಖ ಬಿಳಿಚಿತ್ತು. ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಬೆರಳಿಗೆ ಚಿಮಟಿಯಂತೆ ಹಚ್ಚುವ ಆಕ್ಸಿಮೀಟರನ್ನು ಎಲ್ಲರೂ ಕೊಂಡಿದ್ದೆವಲ್ಲ, ಅದನ್ನು ಹಚ್ಚಿ ನೋಡಿದೆ. 98 ತೋರಿಸಿತು. "ಏನೂ ಇಲ್ಲವ್ವಾ, ನೀನು ಗಟ್ಟಿ ಇದ್ದಿ" ಎಂದುಬಿಟ್ಟೆ. ಎರಡನೆಯ ತಪ್ಪು! ಆ ಯಂತ್ರ ಬಂಡಿಗಳು ತುಂಬಿವೆಯೇ ಎಂಬುದನ್ನು ಹೇಳುತ್ತದೆ, ಬಂಡಿಗಳು ಎಷ್ಟಿವೆ ಎಂಬುದನ್ನು ಹೇಳುವದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7 ಇತ್ತು. ಹೆಣ್ಣುಮಕ್ಕಳಿಗೆ 12 ಇರಬೇಕು, ಬಸಿರಿಯರಿಗೆ 11, ಗಂಡಸರಿಗೆ 13. ಇದ್ದ ಬಂಡಿಗಳೆಲ್ಲ ತುಂಬಿದ್ದವು, ಆದರೆ ನೂರು ಬೇಕಾದಲ್ಲಿ ಅರವತ್ತು ಇದ್ದವು. ಪಾಪ, ಹೃದಯ ಅದೇ ಬಂಡಿಗಳನ್ನು ಹೆಚ್ಚು ಸಲ ಓಡಿಸಿ ಕೆಲಸ ಪೂರೈಸುತ್ತಿತ್ತು. ಎದೆ ಡವಡವ ಎಂದದ್ದು ಅದಕ್ಕೇ. ಅವಳ ಹೃದಯವೂ ಚೆನ್ನಾಗಿತ್ತು, ಶ್ವಾಸಕೋಶವೂ ಚೆನ್ನಾಗಿತ್ತು. ಕೆಲವು ತಿಂಗಳು ಕಬ್ಬಿಣದ ಗುಳಿಗೆ ತಪ್ಪದೆ ತಗೊಂಡಳು, ಗುಣವಾದಳು. ತಾಯಂದಿರೆ, ಈ ಗುಳಿಗೆಯನ್ನು ಚಹದ ಜೊತೆ ತಗೊಳ್ಳಬೇಡಿರಿ. ಚಹ ಕಬ್ಬಿಣವನ್ನು ಮೈಗೆ ಹತ್ತಗೊಡುವದಿಲ್ಲ. ಲಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಸೊಸೆಯಂದಿರಿದ್ದಾರೆ. ಅವರ ದಮ್ಮನ್ನು ಮೈಗಳ್ಳತನ ಎನ್ನಬೇಡಿರಿ.

ಇನ್ನು ಅವ್ವ. ಅವಳು ಐವತ್ತು ವರ್ಷ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದವಳು. ಕುಳ್ಳು, ಹತ್ತಿಕಟ್ಟಿಗೆಯ ಹೊಗೆ ಕುಡಿದವಳು. ಬೀಡಿ ಮುಟ್ಟದಿದ್ದರೂ ಅವಳ ಶ್ವಾಸಕೋಶ ಬೀಡಿ ಸೇದಿದವರಂತೆ ಆಗಿತ್ತು. ವಾಯುಕೋಶ ಹಾಳಾದರೆ ಅದರ ಮೈಗೆ ಹತ್ತಿದ ರಕ್ತನಾಳಗಳೂ ಹಾಳಾಗುತ್ತವೆ, ಬಿಗಿಯುತ್ತವೆ. ಆಗ ಬಲಭಾಗದ ಹೃದಯ ಆ ಇಕ್ಕಟ್ಟಿನ ದಾರಿಯಲ್ಲಿ ರಕ್ತ ನೂಕಿ ನೂಕಿ ಸೋಲುತ್ತದೆ. ಕಾಲು ಬಾಯುತ್ತವೆ. ಅಣ್ಣನಿಗೂ ಕಾಲು ಬಾತಿದ್ದವು, ಅವ್ವನಿಗೂ ಬಾತಿದ್ದವು. ಅಣ್ಣನದು ಹೃದಯದಿಂದ ಶ್ವಾಸಕೋಶಕ್ಕೆ ಬಂದ ರೋಗ, ಅವ್ವನದು ಶ್ವಾಸಕೋಶದಿಂದ ಹೃದಯಕ್ಕೆ ಹೋದ ರೋಗ. ಹೊಗೆಯಲ್ಲಿ ಇನ್ನೊಂದು ಕಳ್ಳ ಮಾಲಿದೆ, ಕಾರ್ಬನ್ ಮಾನಾಕ್ಸೈಡ್. ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಅಂದರೆ ಹೊಗೆ ಕಣಜವನ್ನೂ ಕೆಡಿಸುತ್ತದೆ, ಬಂಡಿಯನ್ನೂ ಹಿಡಿದಿಡುತ್ತದೆ. ಈಗ ಬಹಳ ಮನೆಗಳಿಗೆ ಗ್ಯಾಸು ಬಂದಿದೆ. ಆದರೂ ಸ್ನಾನದ ನೀರಿಗೆ, ದೊಡ್ಡ ಅಡಿಗೆಗೆ ಒಲೆ ಹೊತ್ತಿಸುವದು ತಪ್ಪಿಲ್ಲ. ಅದನ್ನಾದರೂ ಬಯಲಿಗೆ ಒಯ್ಯಿರಿ.

ಇಷ್ಟು ಹೇಳಿದ ಮೇಲೆ ಮಾಡುವದೇನು ಎಂಬುದನ್ನೂ ಹೇಳಬೇಕು. ದಮ್ಮು ಬಂದರೆ ಮನೆಯಲ್ಲಿ ತೀರ್ಪು ಕೊಡಬೇಡಿರಿ, ಖಾತೆ ಯಾವದು ಎಂದು ಡಾಕ್ಟರರು ಹೇಳಲಿ. ಮಲಗಿದರೆ ಉಸಿರು ಕಟ್ಟುವದು, ದಿಂಬು ಏರುವದು, ಕಾಲು ಬಾಯುವದು ಕಂಡರೆ ಜಾತ್ರೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ತಡೆಯಬೇಡಿರಿ. ಬಿ.ಪಿ. ಗುಳಿಗೆಯನ್ನು ಡಾಕ್ಟರರನ್ನು ಕೇಳದೆ ಬಿಡಬೇಡಿರಿ. ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಚಹದ ಚಮಚೆ, 5 ಗ್ರಾಮಿನ ಒಳಗಿರಲಿ. ಎದೆ ಒತ್ತಿದಂತಾಗಿ ಬೆವರಿ, ನೋವು ತೋಳಿಗೆ ಅಥವಾ ದವಡೆಗೆ ಹಬ್ಬಿದರೆ ವಾಯು ಎಂದು ಸೋಡಾ ಕುಡಿಸುತ್ತ ಕೂಡಬೇಡಿರಿ. ಹೃದಯ ಎಲ್ಲರಿಗೂ ರಕ್ತ ಹಂಚಿದರೂ ತನ್ನ ಊಟವನ್ನು ತನ್ನ ಮೈಮೇಲಿನ ಸಣ್ಣ ನಾಳಗಳಿಂದಲೇ ಪಡೆಯಬೇಕು. ಆ ನಾಳ ಮುಚ್ಚಿದರೆ ನಿಮಿಷ ನಿಮಿಷಕ್ಕೂ ಸ್ನಾಯು ಸಾಯುತ್ತದೆ. ಕೂಡಲೇ 108ಕ್ಕೆ ಫೋನು ಮಾಡಿರಿ.

ಯಾರಾದರೂ ಕುಸಿದು ಬಿದ್ದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 108ಕ್ಕೆ ತಿಳಿಸಿ, ಎದೆಯ ನಟ್ಟನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಎರಡು ಇಂಚಿನಷ್ಟು ಆಳ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ಆ ಹೊತ್ತಿಗೆ ಕಣಜದಲ್ಲಿ ಇನ್ನೂ ಸ್ವಲ್ಪ ಕಾಳಿರುತ್ತದೆ, ಬಂಡಿಗಳಲ್ಲಿಯೂ ಇರುತ್ತದೆ, ಎಳೆಯುವವನು ಮಾತ್ರ ನಿಂತಿರುತ್ತಾನೆ. ನಮ್ಮ ಎರಡು ಕೈಗಳೇ ಆಗ ಎಳೆಯುವವನಾಗಬೇಕು.

ಕಮಿಟಿಯವರಲ್ಲಿ ನನ್ನ ವಿನಂತಿ ಮೂರು. ಮುಂದಿನ ವರ್ಷದಿಂದ ಜಾತ್ರೆಯ ಮೊದಲ ದಿನ ಬಿ.ಪಿ. ಮತ್ತು ಹಿಮೋಗ್ಲೋಬಿನ್ ತಪಾಸಣೆ ಇಡಿಸೋಣ. ಪಲ್ಲಕ್ಕಿ ಹೋಗುವ ಬೀದಿಯಲ್ಲಿ ಅಂಗಡಿ, ಮೋಟಾರ್ ಸೈಕಲ್ ಒತ್ತಿ ನಿಲ್ಲಿಸದೆ ಅಂಬುಲೆನ್ಸಿಗೆ ಒಂದು ದಾರಿ ಬಿಡೋಣ. ನಮ್ಮ ತರುಣ ಮಂಡಳದ ಹುಡುಗರಿಗೆ ಎದೆ ಒತ್ತುವ ಕ್ರಮವನ್ನು ಡಾಕ್ಟರರಿಂದ ಕಲಿಸೋಣ.

ಅನ್ಯರಿಗೆ ಹೇಳಿ ನಾನು ಸುಮ್ಮನಿರಬಾರದು. ಈ ಜಾತ್ರೆಯಿಂದ ನನ್ನ ಅಂಗಡಿಯಲ್ಲಿ ಬೀಡಿ, ಸಿಗರೇಟು, ತಂಬಾಕು ಮಾರುವದನ್ನು ನಿಲ್ಲಿಸಿದ್ದೇನೆ. ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಹೊಟ್ಟೆ ಹೊರೆಯುವ ಎಷ್ಟೋ ತಾಯಂದಿರಿದ್ದಾರೆ, ಅವರನ್ನು ನಾನು ದೂಷಿಸಲಾರೆ. ಅವರಿಗೆ ಬೇರೆ ಕೆಲಸ ಸಿಗಲಿ ಎಂದು ಹಾರೈಸುತ್ತೇನೆ. ನನಗಾದರೋ ಬೇರೆ ಮಾಲಿದೆ.

ದೇಹವನ್ನು ದೇವಾಲಯವೆಂದು ನಮ್ಮ ಶರಣರು ಕಂಡರು. ಗುಡಿಯ ದೀಪಕ್ಕೆ ಬತ್ತಿ, ಎಣ್ಣೆ, ಗಾಳಿ ಮೂರೂ ಬೇಕು. ದೀಪ ಮಂಕಾದಾಗ ಮೂರನ್ನೂ ನೋಡುವವನೇ ಒಳ್ಳೆಯ ಪೂಜಾರಿ. ನಾವು ಬತ್ತಿಯನ್ನಷ್ಟೇ ತೀಡುತ್ತ ಕುಳಿತೆವು. ಈ ವರ್ಷ ಪಲ್ಲಕ್ಕಿಯ ಮುಂದಿನ ಬಲಹೆಗಲಿಗೆ ನಮ್ಮ ಅಣ್ಣನ ಮಗ ನಿಲ್ಲುತ್ತಾನೆ. ಮೊನ್ನೆ ಅವನ ಬಿ.ಪಿ. ನೋಡಿಸಿಯೇ ಹೆಗಲು ಕೊಡಲು ಒಪ್ಪಿದ್ದೇನೆ. ನಿಮ್ಮ ನಿಮ್ಮ ಮನೆಯವರನ್ನೂ ನೋಡಿಸಿರಿ.